ತಲುಪ್ತಾ? ಚೆಲ್ಲಿಲ್ಲ ತಾನೆ?

ನಾನು ಹಾಸನದಲ್ಲಿ ಪಿಯುಸಿ ಓದುವಾಗ ವಾರಕ್ಕೆರಡು ಸಲ ಊರಿಂದ ಬುತ್ತಿ ಬರುತ್ತಿತ್ತು. ಬೆಳಗ್ಗೆ ಆರೂವರೆಯ ಬಸ್ಸಿಗೆ ಅಮ್ಮ ಮೂರು ಅಂತಸ್ತಿನ ಕ್ಯಾರಿಯರ್‌ಗೆ ಬಟ್ಟೆ ಸುತ್ತಿ ಕಂಡಕ್ಟರ್ ಕೈಗೆ ಕೊಡೋರು. ಎಂಟು ಗಂಟೆಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾಯ್ತಾ ನಿಂತಿರ್ತಿದ್ದೆ. ಸಂಜೆ ಹಾಸ್ಟೆಲಿನ ಲ್ಯಾಂಡ್‌ಲೈನಿಗೆ ಅಮ್ಮನ ಫೋನು. ಯಾವಾಗಲೂ ಎರಡೇ ಪ್ರಶ್ನೆ: "ತಲುಪ್ತಾ? ಚೆಲ್ಲಿಲ್ಲ ತಾನೆ?"

ಆಗ ನನಗೆ ಎರಡೂ ಒಂದೇ ಪ್ರಶ್ನೆ ಅನ್ನಿಸ್ತಿತ್ತು. ಎರಡೂ ಬೇರೆ ಬೇರೆ ಅಂತ ಗೊತ್ತಾಗೋಕೆ ಬಿಇ ಓದಬೇಕಾಯ್ತು, ಒಂದು ದೊಡ್ಡ ತಪ್ಪನ್ನೂ ಮಾಡಬೇಕಾಯ್ತು.

ಈಗ ನನ್ನ ಕೆಲಸದಲ್ಲಿ ಅರ್ಧ ದಿನ ಹೋಗೋದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಸಾಗಿಸೋದ್ರಲ್ಲೇ. ಮೌಸು ಗೀಸು ಏನಿಲ್ಲ. ಕಪ್ಪು ಪರದೆ, ಮಿಣುಕುವ ಕರ್ಸರ್, ಒಂದು ಸಾಲಿನ ಕಮ್ಯಾಂಡು, ಎಂಟರ್. ಕಳೆದ ತಿಂಗಳು ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು: "ಎಫ್‌ಟಿಪಿ, ಎಸ್‌ಸಿಪಿ, ಎಸ್‌ಎಫ್‌ಟಿಪಿ, ಆರ್‌ಸಿಂಕ್... ಫೈಲು ಕಳಿಸೋ ಒಂದೇ ಕೆಲಸಕ್ಕೆ ಇಷ್ಟೊಂದು ಯಾಕೆ? ಒಂದಿದ್ರೆ ಸಾಕಾಗಲ್ವಾ?" ಮ್ಯಾನ್ಯುಯಲ್ ಓದು ಅಂತ ಹೇಳಿ ತಪ್ಪಿಸ್ಕೊಬಹುದಿತ್ತು. ಆದರೆ ಅವಳ ಪ್ರಶ್ನೆಗೆ ಉತ್ತರ ಮ್ಯಾನ್ಯುಯಲ್‌ನಲ್ಲಿಲ್ಲ, ಇತಿಹಾಸದಲ್ಲಿದೆ. ಇವುಗಳಲ್ಲಿ ಒಂದೊಂದೂ ಹುಟ್ಟಿದ್ದು ಯಾರದೋ ಬುತ್ತಿ ದಾರಿಯಲ್ಲಿ ಕೆಟ್ಟಾಗ.

*

ಅಮೆರಿಕದ ಆರ್ಪಾನೆಟ್ಟಿನಲ್ಲಿ ಮೊದಲ ಸಂದೇಶ ಹೋಗಿದ್ದು 1969ರ ಅಕ್ಟೋಬರಿನಲ್ಲಿ. ಇವತ್ತಿನ ಇಂಟರ್ನೆಟ್ಟಿನ ಅಜ್ಜ ಅದು. ತಂತಿಯೇನೋ ಎಳೆದಾಯ್ತು, ಆದರೆ ತಂತಿಯ ಎರಡು ತುದಿಯಲ್ಲಿದ್ದ ಯಂತ್ರಗಳಿಗೆ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗ್ತಿರಲಿಲ್ಲ. ಪಿಡಿಪಿ-10 ಅನ್ನೋ ಯಂತ್ರ 36 ಬಿಟ್‌ಗಳ ಗುಂಪಿನಲ್ಲಿ ಲೆಕ್ಕ ಹಾಕ್ತಿತ್ತು, ಐಬಿಎಂ 360 ಯಂತ್ರ 32ರ ಗುಂಪಿನಲ್ಲಿ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ ಆಸ್ಕಿ ಪದ್ಧತಿಯಲ್ಲಿ 65 ಅನ್ನೋ ಸಂಖ್ಯೆ, ಐಬಿಎಂನ ಎಬ್ಸಿಡಿಕ್ ಪದ್ಧತಿಯಲ್ಲಿ 193. ಅಲ್ಲಿಂದ ಇಲ್ಲಿಗೆ ಒಂದು ಕಾಗದ ಹಾಗೆಯೇ ಬಂದುಬಿಟ್ರೆ ಓದೋಕೆ ಸಿಗೋದು ಬರೀ ಕಸ.

ಈ ಗೋಜಲನ್ನು ಬಿಡಿಸೋಕೆ ಕೂತವರು ನಮ್ಮವರೇ. ಅಭಯ್ ಭೂಷಣ್, ಅಲಹಾಬಾದಿನಲ್ಲಿ ಹುಟ್ಟಿದವರು. ಐಐಟಿ ಕಾನ್ಪುರದ ಮೊಟ್ಟಮೊದಲ ಬ್ಯಾಚಿನಲ್ಲಿ 1965ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ ಎಂಐಟಿಗೆ ಹೋದರು. ಆರ್ಪಾನೆಟ್ ಕಟ್ಟುವವರು 'ನಾನು ಹೀಗೆ ಯೋಚಿಸಿದ್ದೀನಿ, ನೀವೇನಂತೀರಿ' ಅಂತ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದ ಟಿಪ್ಪಣಿಗಳಿಗೆ ಆರ್‌ಎಫ್‌ಸಿ ಅಂತ ಹೆಸರು. 1971ರ ಏಪ್ರಿಲ್‌ನಲ್ಲಿ ಬಂದ 114ನೇ ಟಿಪ್ಪಣಿ ಭೂಷಣ್ ಅವರದ್ದು. ಎಫ್‌ಟಿಪಿಯ ಜಾತಕ ಅದು. ನಾನು ಬಿಇ ಮುಗಿಸಿ ಎಷ್ಟೋ ವರ್ಷ ಇದರ ಹಿಂದೆ ಒಬ್ಬ ಭಾರತೀಯರಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಪೋರ್ಟ್ ನಂಬರಿತ್ತು, ಮನುಷ್ಯರಿರಲಿಲ್ಲ.

ಭೂಷಣ್ ಅವರ ಆಲೋಚನೆ ಸರಳ. ಆ ಕಡೆಯ ಯಂತ್ರದ ರೀತಿರಿವಾಜೆಲ್ಲ ಕಲಿಯದೇನೇ ನನಗೆ ಅಲ್ಲಿನ ಫೈಲು ಸಿಗಬೇಕು. ಅದಕ್ಕೆ ಎರಡೂ ಕಡೆಯವರು ಒಪ್ಪುವ ಒಂದು ಮಧ್ಯಸ್ಥ ಭಾಷೆ ಇರಬೇಕು. ಮುಂದಿನ ವರ್ಷಗಳಲ್ಲಿ ಈ ಟಿಪ್ಪಣಿ ಅನೇಕ ಸಲ ತಿದ್ದುಪಡಿಯಾಗಿ, 1985ರಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಕೈಯಲ್ಲಿ ಇಂದಿನ ರೂಪ ಪಡೀತು. ಇದರ ನಡುವೆ ಈಮೇಲ್ ಕೂಡ ಕೆಲ ಕಾಲ ಎಫ್‌ಟಿಪಿಯ ಹೆಗಲ ಮೇಲೆ ಕೂತೇ ಓಡಾಡ್ತಿತ್ತು. ಅದಕ್ಕೆ ಅಂತ ಎಸ್‌ಎಂಟಿಪಿ ಬಂದದ್ದು 1982ರಲ್ಲಿ.

ಎಫ್‌ಟಿಪಿಯಲ್ಲಿ ಫೈಲು ಕಳಿಸೋಕೆ ಮುಖ್ಯವಾಗಿ ಎರಡು ದಾರಿ. ಒಂದು ಆಸ್ಕಿ, ಅಂದ್ರೆ 'ಇದು ಬರಹ, ಆ ಕಡೆಯವರ ಪದ್ಧತಿಗೆ ತಕ್ಕಂತೆ ಬದಲಾಯಿಸಿ ಕೊಡು'. ಇನ್ನೊಂದು ಬೈನರಿ, ಅಂದ್ರೆ 'ಏನನ್ನೂ ಮುಟ್ಟಬೇಡ, ಇದ್ದ ಹಾಗೇ ಕೊಡು'. ಏನೂ ಹೇಳದೇ ಇದ್ರೆ? ನಿಯಮದ ಪ್ರಕಾರ ಅದು ಬರಹ ಅಂತಲೇ ಲೆಕ್ಕ. ಬಹುಪಾಲು ಫೈಲುಗಳು ವರದಿ, ಪ್ರೋಗ್ರಾಂಗಳೇ ಆಗಿದ್ದ ಕಾಲಕ್ಕೆ ಸರಿಯಾದ ತೀರ್ಮಾನವೇ.

ಬರಹದಲ್ಲಿ ಬದಲಾಯಿಸೋದೇನು? ಉದಾಹರಣೆಗೆ, ಸಾಲಿನ ಕೊನೆ. ಹಳೇ ಟೈಪ್‌ರೈಟರ್ ನೋಡಿದವರಿಗೆ ಗೊತ್ತು. ಸಾಲು ಮುಗಿದ ಮೇಲೆ ಎರಡು ಕೆಲಸ: ಗಾಡಿಯನ್ನ ಬಲಕ್ಕೆ ತಳ್ಳಬೇಕು, ಕಾಗದವನ್ನ ಒಂದು ಸಾಲು ಮೇಲೇರಿಸಬೇಕು. ಟೆಲಿಪ್ರಿಂಟರ್ ಇದಕ್ಕೆ ಎರಡು ಗುರುತು ಇಟ್ಕೊಂಡಿತು. ಕಂಪ್ಯೂಟರಿನಲ್ಲಿ ಅವು 13 ಮತ್ತು 10 ಅನ್ನೋ ಸಂಖ್ಯೆಗಳು. ವಿಂಡೋಸ್ ಎರಡನ್ನೂ ಉಳಿಸ್ಕೊಂಡಿದೆ. ಯುನಿಕ್ಸು, ಅದರ ತಮ್ಮ ಲಿನಕ್ಸು ಬರೀ 10 ಸಾಕು ಅಂದವು. ಹಾಗಾಗಿ ವಿಂಡೋಸ್‌ನಿಂದ ಲಿನಕ್ಸಿಗೆ ಆಸ್ಕಿ ದಾರಿಯಲ್ಲಿ ಫೈಲು ಹೋದ್ರೆ, 10ರ ಹಿಂದಿರೋ 13ನ್ನೆಲ್ಲ ಎಫ್‌ಟಿಪಿ ಹೆಕ್ಕಿ ಬಿಸಾಡುತ್ತೆ. ಬರಹವಾದ್ರೆ ಒಳ್ಳೇದೇ ಆಯ್ತು. ಆದ್ರೆ ಅದು ಹಾಡಾಗಿದ್ರೆ?

*

2007. ನಾನು ಬಿಇ ಮೂರನೇ ವರ್ಷ. ನಮ್ಮಜ್ಜಿ ಸೋಬಾನೆ ಪದ, ಬೀಸೋ ಪದ ಹೇಳೋರು. ಸುತ್ತಲಿನ ನಾಲ್ಕು ಊರಿನ ಮದುವೆಗೆ ಅವರಿಗೆ ಕರೆ ಬರ್ತಿತ್ತು. ಅವರಿಗೆ ಅಕ್ಷರ ಬರ್ತಿರಲಿಲ್ಲ, ನಮ್ಮ ಮನೇಲಿ ಯಾರೂ ಅವನ್ನ ಬರೆದಿಟ್ಟೂ ಇರಲಿಲ್ಲ. ಗೆಳೆಯನ ಹತ್ರ ರೆಕಾರ್ಡಿಂಗ್ ಇರೋ ಎಂಪಿ3 ಪ್ಲೇಯರ್ ಇತ್ತು. ದಸರಾ ರಜಕ್ಕೆ ಅದನ್ನ ಇಸ್ಕೊಂಡು ಹೋಗಿ ಹನ್ನೊಂದು ಪದ ಹೇಳಿಸಿ ರೆಕಾರ್ಡ್ ಮಾಡಿದೆ. ಎಲ್ಲವೂ ನಾಲ್ಕು ನಾಲ್ಕೂವರೆ ನಿಮಿಷದವು.

ಕಾಲೇಜಿಗೆ ವಾಪಸ್ ಬಂದು ಲ್ಯಾಬ್ ಕಂಪ್ಯೂಟರಿಗೆ ಹಾಕ್ಕೊಂಡೆ. ಅಲ್ಲಿಂದ ಲಿನಕ್ಸ್ ಸರ್ವರಿನಲ್ಲಿ ನಮಗೆ ಅಂತ ಇದ್ದ ಜಾಗಕ್ಕೆ ಕಳಿಸೋಣ, ಭದ್ರವಾಗಿರುತ್ತೆ ಅಂತ ಯೋಚನೆ. ಎಫ್‌ಟಿಪಿ ಕಮ್ಯಾಂಡು ಆಗಷ್ಟೇ ಕಲಿತಿದ್ದೆ, ಪಕ್ಕದಲ್ಲಿ ಕೂತೋರು ನೋಡ್ಲಿ ಅನ್ನೋ ಹುರುಪೂ ಇತ್ತು. ಹನ್ನೊಂದು ಸಲ 'ಪುಟ್' ಹೊಡೆದೆ. ಹನ್ನೊಂದು ಸಲವೂ ಪರದೆ ಮೇಲೆ ಬಂತು: 226, ಟ್ರಾನ್ಸ್‌ಫರ್ ಕಂಪ್ಲೀಟ್. 'ಬೈನರಿ' ಅಂತ ಒಂದು ಪದ ಮೊದಲೇ ಟೈಪ್ ಮಾಡಬೇಕಿತ್ತು. ಮಾಡಲಿಲ್ಲ.

ಪ್ಲೇಯರ್ ಖಾಲಿ ಮಾಡಿ ಗೆಳೆಯನಿಗೆ ಕೊಟ್ಟೆ. ಲ್ಯಾಬ್ ಕಂಪ್ಯೂಟರಿಂದಲೂ ಅಳಿಸಿದೆ. 226 ಅಂತ ಹೇಳಿದೆಯಲ್ಲ!

ಮುಂದಿನ ವರ್ಷ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಹನ್ನೊಂದನೇ ದಿನಕ್ಕೆ ಕೇಳಿಸೋಣ ಅಂತ ಸರ್ವರಿನಿಂದ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋದೆ. ಜಗುಲಿ ಮೇಲೆ ಎಲ್ಲರೂ ಕೂತಿದ್ರು. ಅಜ್ಜಿಯ ದನಿ ಬಂತು. ನಾಲ್ಕು ಸೆಕೆಂಡು ಆಯ್ತು, 'ಟಕ್' ಅಂತ ಕಡೀತು. ಮತ್ತೆ ಬಂತು. ಮತ್ತೆ ಟಕ್. ಹನ್ನೊಂದು ಪದವೂ ಹಾಗೇ. ಅಮ್ಮ ಸ್ವಲ್ಪ ಹೊತ್ತು ಕೇಳಿ, "ಇದೇನೋ, ಅಜ್ಜಿಗೆ ಬಿಕ್ಕಳಿಕೆ?" ಅಂದ್ರು. ದೊಡ್ಡಮ್ಮ, "ಯಾರೋ ನೆನೆಸ್ಕೊಂತಿದಾರೆ ಬಿಡು" ಅಂದ್ರು. ಒಬ್ಬರೂ ನನ್ನನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಆ 'ಟಕ್' ನಾಲ್ಕೇ ಸೆಕೆಂಡಿಗೆ ಯಾಕೆ ಅಂತ ಆಮೇಲೆ ಲೆಕ್ಕ ಹಾಕಿದೆ. ಎಂಪಿ3ಯಲ್ಲಿ 13ರ ಬೆನ್ನಿಗೇ 10 ಬರೋ ಸಾಧ್ಯತೆ 65,536ರಲ್ಲಿ ಒಂದು. 128 ಕೆಬಿಪಿಎಸ್ ಹಾಡಿನಲ್ಲಿ ಸೆಕೆಂಡಿಗೆ 16,000 ಬೈಟ್. ಭಾಗಿಸಿದ್ರೆ ನಾಲ್ಕು ಸೆಕೆಂಡು, ಸ್ವಲ್ಪ ಹೆಚ್ಚು. ಒಂದು ಪದದಲ್ಲಿ ಕಳೆದುಹೋದದ್ದು ನಲವತ್ತು ಲಕ್ಷ ಬೈಟ್‌ನಲ್ಲಿ ಅರವತ್ತು ಚಿಲ್ಲರೆ. ಫೈಲಿನ ಸೈಜು ಎರಡೂ ಕಡೆ ಒಂದೇ ಇದೆಯಾ ಅಂತ ನೋಡಿದ್ರೂ ಸಿಕ್ಕಿಬೀಳ್ತಿತ್ತು. ನೋಡಲಿಲ್ಲ. ಎಫ್‌ಟಿಪಿ ಅಮ್ಮನ ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿತ್ತು. ಎರಡನೇದನ್ನ ನಾನೇ ಕೇಳಬೇಕಿತ್ತು.

*

ಆರ್ಪಾನೆಟ್ ಎಲ್ಲರ ಮನೆ ಸ್ವತ್ತಾಗಿರಲಿಲ್ಲ. ಅದರೊಳಗೆ ಜಾಗ ಇಲ್ಲದೋರು ಏನು ಮಾಡಬೇಕು? ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ 1970ರ ದಶಕದಲ್ಲಿ ಯುಯುಸಿಪಿ ಬರೆದರು. ಯುನಿಕ್ಸಿಂದ ಯುನಿಕ್ಸಿಗೆ ನಕಲು ಅಂತ ಹೆಸರಿನ ಅರ್ಥ. 1979ರ ಏಳನೇ ಆವೃತ್ತಿಯ ಯುನಿಕ್ಸಿನ ಜೊತೆ ಅದು ಎಲ್ಲ ಕಡೆ ಹಬ್ಬಿತು. ಇದಕ್ಕೆ ಪ್ರತ್ಯೇಕ ತಂತಿ ಬೇಡ. ಮಾಮೂಲಿ ಫೋನು, ಒಂದು ಮೋಡೆಮ್ ಇದ್ರೆ ಆಯ್ತು. ಹಗಲೆಲ್ಲ ಫೈಲುಗಳನ್ನ ಸಾಲಲ್ಲಿ ನಿಲ್ಲಿಸಿ, ರಾತ್ರಿ ಕಾಲ್ ರೇಟ್ ಇಳಿದ ಮೇಲೆ ಪಕ್ಕದ ಯಂತ್ರಕ್ಕೆ ಡಯಲ್ ಮಾಡಿ ದಾಟಿಸೋದು. ಅದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ. ನಮ್ಮೂರ ಬಸ್ಸು ಅರಸೀಕೆರೆಗೆ, ಅಲ್ಲಿಂದ ಇನ್ನೊಂದು ಬಸ್ಸು ಮುಂದಕ್ಕೆ, ಹಾಗೆ. ಯಾವ ಯಾವ ಯಂತ್ರದ ಮೇಲೆ ಹಾದು ಹೋಗಬೇಕು ಅಂತ ವಿಳಾಸದಲ್ಲೇ ನಡುವೆ ಆಶ್ಚರ್ಯಸೂಚಕ ಹಾಕಿ ಬರೀಬೇಕಿತ್ತು. ಗೊರಗೊರ ಅನ್ನೋ ಫೋನ್ ಲೈನಿನಲ್ಲಿ ಓಡಬೇಕಾದ್ದರಿಂದ ಇದು ಪ್ರತಿ ಕಂತಿಗೂ ತಾಳೆ ನೋಡ್ತಿತ್ತು, ಕೆಟ್ಟದ್ದನ್ನ ಮತ್ತೆ ಕಳಿಸ್ತಿತ್ತು. ಬಡವರ ದಾರಿಯಲ್ಲಿ ಗುಂಡಿ ಜಾಸ್ತಿ, ಹಾಗಾಗಿ ಎಚ್ಚರವೂ ಜಾಸ್ತಿ.

ನಮ್ಮ ದೇಶಕ್ಕೂ ನೆಟ್‌ವರ್ಕು ಕಾಲಿಟ್ಟಿದ್ದು ಈ ಬಸ್ಸಿನಲ್ಲೇ. 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ ಅರ್ನೆಟ್ ಯೋಜನೆ ಶುರುವಾಯ್ತು. ಮುಂಬೈನ ಎನ್‌ಸಿಎಸ್‌ಟಿ, ಐಐಟಿಗಳು, ಬೆಂಗಳೂರಿನ ನಮ್ಮ ಐಐಎಸ್‌ಸಿ ಅದರಲ್ಲಿದ್ದವು. ಆರಂಭದ ದಿನಗಳಲ್ಲಿ ಅಲ್ಲಿ ಈಮೇಲ್ ಓಡಾಡಿದ್ದು ಡಯಲಪ್ ಫೋನಿನ ಮೇಲೆ, ಯುಯುಸಿಪಿಯಲ್ಲಿ.

ಬೆಂಗಳೂರಿನಲ್ಲಿ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಚಿಪ್ ವಿನ್ಯಾಸದ ಕಚೇರಿ ತೆರೆದಾಗ, ಕೆಲಸದ ಫೈಲುಗಳನ್ನ ಹೊರದೇಶಕ್ಕೆ ಕಳಿಸೋಕೆ ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿತು. ಅದರ ಡಿಶ್ಶನ್ನ ಎತ್ತಿನ ಗಾಡಿಯಲ್ಲಿ ತಂದ ಕಥೆ ಬೆಂಗಳೂರಿನ ಹಳೇ ಇಂಜಿನಿಯರುಗಳ ಬಾಯಲ್ಲಿ ಈಗಲೂ ಇದೆ. ಇಲ್ಲಿ ಕೂತು ಮಾಡಿದ ಕೆಲಸವನ್ನ ಟೇಪಿನಲ್ಲಿ ತುಂಬಿ ವಿಮಾನ ಹತ್ತಿಸದೇ ಅದೇ ದಿನ ಕಡಲಾಚೆ ಮುಟ್ಟಿಸಬಹುದು ಅಂತ ಗೊತ್ತಾದದ್ದು ಆವಾಗ. ನೀವು, ನಾನು ಇವತ್ತು ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು ಬೈಕೋತೀವಲ್ಲ, ಅದರ ಬೇರು ಎಲ್ಲೋ ಆ ಡಿಶ್ಶಿನ ಬುಡದಲ್ಲಿದೆ. ಫೈಲು ಆ ಕಡೆ ತಲುಪದೇ ಇದ್ದಿದ್ರೆ ನಮ್ಮಂಥ ಹಳ್ಳಿ ಹುಡುಗರಿಗೆ ಈ ಕೆಲಸವೇ ಇರ್ತಿರಲಿಲ್ಲ.

*

ಇಷ್ಟರಲ್ಲಿ ಇನ್ನೊಂದು ತೊಂದರೆ ಬಲೀತಾ ಇತ್ತು. ಎಫ್‌ಟಿಪಿ ಪಾಸ್‌ವರ್ಡನ್ನ ತಂತಿ ಮೇಲೆ ಬೆತ್ತಲೆಯಾಗಿ ಕಳಿಸ್ತಿತ್ತು. 1983ರಲ್ಲಿ ಬರ್ಕ್ಲಿಯ ಯುನಿಕ್ಸಿನ ಜೊತೆ ಬಂದ ಆರ್‌ಸಿಪಿ ಇನ್ನೂ ಒಂದು ಹೆಜ್ಜೆ ಮುಂದೆ. 'ಈ ಯಂತ್ರದಿಂದ ಬರೋರೆಲ್ಲ ನಮ್ಮೋರೇ' ಅಂತ ಒಂದು ಫೈಲಿನಲ್ಲಿ ಬರೆದಿಟ್ರೆ ಪಾಸ್‌ವರ್ಡೇ ಕೇಳ್ತಿರಲಿಲ್ಲ. ಊರು ಚಿಕ್ಕದಿದ್ದಾಗ ಬಾಗಿಲಿಗೆ ಬೀಗ ಹಾಕಲ್ಲ ನೋಡಿ, ಹಾಗೆ. ಊರು ಬೆಳೀತು, ಬೀಗ ಬರಲಿಲ್ಲ.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೇಳುವ ಪ್ರೋಗ್ರಾಂ ಕೂರಿಸಿ ಪಾಸ್‌ವರ್ಡುಗಳನ್ನ ಸೋಸಿಕೊಂಡರು. ಅಲ್ಲಿದ್ದ ತಾತು ಉಲೋನೆನ್ ಇದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು. ಎರಡು ಯಂತ್ರಗಳ ನಡುವಿನ ಮಾತು ಪೂರ್ತಿ ಗೂಢಲಿಪಿಯಲ್ಲಿ. ಎಫ್‌ಟಿಪಿಯ ಬಾಗಿಲು 21ನೇ ನಂಬರು, ಟೆಲ್‌ನೆಟ್‌ನದ್ದು 23. ಎರಡನ್ನೂ ಓಡಿಸಬೇಕು ಅಂತ ಹೊರಟ ಉಲೋನೆನ್‌ಗೆ ನಡುವಿನ 22 ಖಾಲಿ ಕಾಣಿಸ್ತು. ನಂಬರು ಹಂಚುವವರಿಗೆ ಈಮೇಲ್ ಬರೆದು ಕೇಳಿದ್ರು, ಕೊಟ್ಟೇಬಿಟ್ರು. ಅರ್ಜಿ, ಸಹಿ, ಸೀಲು ಏನೂ ಇಲ್ಲ. ಎಸ್‌ಎಸ್‌ಎಚ್ ಹೊರಗೆ ಬಂದದ್ದು 1995ರ ಜುಲೈ. ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು ಅದೇ ಆಗಸ್ಟ್ 15ಕ್ಕೆ. ನಾವು ಊರಿಗೆ ಬರೋ ಹೊತ್ತಿಗೆ ಬೀಗ ತಯಾರಾಗಿತ್ತು ಅನ್ನಬಹುದು, ಹಾಕ್ಕೊಳ್ಳೋಕೆ ಮಾತ್ರ ಬಹಳ ವರ್ಷ ತಗೊಂಡ್ವಿ. ಆರ್‌ಸಿಪಿಯನ್ನ ಈ ಬೀಗದೊಳಗೆ ಕೂರಿಸಿದ್ದೇ ಎಸ್‌ಸಿಪಿ. 1999ರಲ್ಲಿ ಓಪನ್‌ಬಿಎಸ್‌ಡಿಯವರು ಉಚಿತ ಓಪನ್‌ಎಸ್‌ಎಸ್‌ಎಚ್ ಹೊರತಂದ ಮೇಲೆ ಅದು ಮನೆಮಾತಾಯ್ತು.

*

ಆದ್ರೂ ಒಂದು ದಡ್ಡತನ ಉಳೀತು. ನೂರು ಎಂಬಿ ಫೈಲಿನಲ್ಲಿ ಒಂದು ಸಾಲು ಬದಲಾದ್ರೂ ನೂರು ಎಂಬಿ ಮತ್ತೆ ಕಳಿಸಬೇಕು. 1996ರ ಜೂನ್‌ನಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ಇದಕ್ಕೆ ಪರಿಹಾರ ಕೊಟ್ರು. ಅದೇ ಆರ್‌ಸಿಂಕ್. ಇದು ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಅರ್ಥವಾದದ್ದು ನಮ್ಮೂರ ಹಾಲಿನ ಡೇರಿಯ ಪುಸ್ತಕ ನೆನೆಸ್ಕೊಂಡಾಗ.

ಡೇರಿಯಲ್ಲಿ ಒಂದು ಪುಸ್ತಕ ಇದೆ, ಅದರ ಹಳೇ ನಕಲು ಪೇಟೆಯ ಆಫೀಸಿನಲ್ಲಿದೆ ಅಂದ್ಕೊಳ್ಳಿ. ನಕಲನ್ನ ಸರಿ ಮಾಡಬೇಕು, ಫೋನಿನಲ್ಲಿ, ಕಡಿಮೆ ಮಾತಿನಲ್ಲಿ. ಆಫೀಸಿನೋರು ತಮ್ಮ ಹತ್ರ ಇರೋ ಪುಟಪುಟದ ಲೀಟರ್ ಮೊತ್ತ ಮಾತ್ರ ಓದ್ತಾರೆ. ಡೇರಿಯೋರು ತಮ್ಮ ಪುಸ್ತಕದ ಜೊತೆ ತಾಳೆ ನೋಡ್ತಾರೆ. ಆದ್ರೆ ಡೇರಿಯೋರು ಮಧ್ಯದಲ್ಲಿ ಬಿಟ್ಟುಹೋಗಿದ್ದ ಒಂದು ಸಾಲು ಸೇರಿಸಿದ್ರೆ ಆಮೇಲಿನ ಪುಟಗಳೆಲ್ಲ ಒಂದೊಂದು ಸಾಲು ಸರೀತವೆ, ಯಾವ ಮೊತ್ತವೂ ಹೊಂದಲ್ಲ. ಟ್ರಿಡ್ಜೆಲ್ ಜಾಣತನ ಇರೋದು ಇಲ್ಲೇ. ಪುಟದ ಗಡಿಗೆ ಕಟ್ಟು ಬೀಳಬೇಡ, ಒಂದೊಂದೇ ಸಾಲು ಜಾರಿಸ್ತಾ ಹೋಗು. ಪ್ರತಿ ಸಲ ಪೂರ್ತಿ ಕೂಡಬೇಕಾಗಿಲ್ಲ, ಮೇಲಿನ ಸಾಲು ಕಳೆದು ಕೆಳಗಿನ ಹೊಸ ಸಾಲು ಕೂಡಿಸಿದ್ರೆ ಹೊಸ ಮೊತ್ತ ಸಿಕ್ತು. ಎಲ್ಲಿ ಹೊಂದುತ್ತೋ ಅದು ಆ ಕಡೆ ಈಗಾಗಲೇ ಇದೆ. ಎಲ್ಲೂ ಹೊಂದದ ಸಾಲು ಮಾತ್ರ ಫೋನಿನಲ್ಲಿ ಓದು. ಮೊತ್ತ ಕಾಕತಾಳೀಯವಾಗಿ ಹೊಂದಿಬಿಡಬಹುದಲ್ಲ ಅಂತ ಇನ್ನೊಂದು ಗಟ್ಟಿ ಪರೀಕ್ಷೆಯೂ ಇದೆ. ಕೊನೆಗೆ ಇಡೀ ಫೈಲನ್ನ ಎರಡೂ ಕಡೆ ಮತ್ತೊಮ್ಮೆ ತಾಳೆ ನೋಡಿಯೇ ಕೈಬಿಡುತ್ತೆ. ತಲುಪ್ತಾ ಅಂತಲೂ ಕೇಳುತ್ತೆ, ಚೆಲ್ಲಿಲ್ಲ ತಾನೆ ಅಂತಲೂ ಕೇಳುತ್ತೆ. ಅದಕ್ಕೇ ನನಗೆ ಇದರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ.

ಎಫ್‌ಟಿಪಿ ಈಗ ಮುದಿಯಾಗಿದೆ. 2021ರಲ್ಲಿ, ಸರಿಯಾಗಿ ಅದಕ್ಕೆ ಐವತ್ತು ತುಂಬಿದ ವರ್ಷ, ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಬ್ರೌಸರುಗಳು ಅದನ್ನ ಕೈಬಿಟ್ಟವು. 2022ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.0 ಎಸ್‌ಸಿಪಿಯ ಹಳೇ ಒಳಗನ್ನ ಬಿಟ್ಟು ಎಸ್‌ಎಫ್‌ಟಿಪಿಯ ಒಳಗನ್ನ ಹಾಕ್ಕೊಂಡಿತು. ಹೆಸರು ಅದೇ, ಟೈಪ್ ಮಾಡೋ ಸಾಲೂ ಅದೇ. ಹೊಸ ಹುಡುಗಿಗೆ ಇಷ್ಟೂ ಹೇಳಿ ಮುಗಿಸೋವಾಗ ಎರಡು ಕಾಫಿ ಆಗಿತ್ತು.

*

ಅವಳಿಗೆ ಹೇಳದ ಒಂದು ವಿಷಯ ಇಲ್ಲಿ ಹೇಳ್ತೀನಿ.

2020ರ ಲಾಕ್‌ಡೌನಿನಲ್ಲಿ ಊರಿಗೆ ಹೋದವನು ಅಲ್ಲೇ ಉಳಿದೆ. ರಾತ್ರಿ ಕರೆಂಟು ಇದ್ದಷ್ಟು ಹೊತ್ತು ಅಜ್ಜಿಯ ಹನ್ನೊಂದು ಫೈಲು ತೆಗೆದು ಕೂರ್ತಿದ್ದೆ. ಎಂಪಿ3 ಅಂದ್ರೆ ಒಂದೇ ಉದ್ದದ ಹಗ್ಗ ಅಲ್ಲ, ಚಿಕ್ಕ ಚಿಕ್ಕ ಡಬ್ಬಿಗಳ ಸಾಲು. ನನ್ನ ಫೈಲುಗಳಲ್ಲಿ ಒಂದೊಂದು ಡಬ್ಬಿ 417 ಅಥವಾ 418 ಬೈಟ್. ಎಷ್ಟು ಅಂತ ಡಬ್ಬಿಯ ತಲೆಯಲ್ಲೇ ಬರೆದಿರುತ್ತೆ. ಅಂದ್ರೆ ಎಲ್ಲಿ ಒಂದು ಬೈಟ್ ಕಮ್ಮಿ ಇದೆಯೋ ಅಲ್ಲೇ ಬಿಕ್ಕಳಿಕೆ. ಕಳೆದುಹೋದದ್ದು 13 ಅಂತ ಗೊತ್ತು. ಅದು ಯಾವುದೋ 10ರ ಹಿಂದೆಯೇ ಇದ್ದಿರಬೇಕು ಅಂತಲೂ ಗೊತ್ತು. ಅಷ್ಟು ಚಿಕ್ಕ ಡಬ್ಬಿಯಲ್ಲಿ 10 ಇರೋದು ಒಂದೋ, ಎರಡೋ, ಹೆಚ್ಚೆಂದ್ರೆ ನಾಲ್ಕೈದು. ಪ್ರತಿಯೊಂದರ ಹಿಂದೆ 13 ಇಟ್ಟು ನೋಡೋಕೆ ಒಂದು ಪ್ರೋಗ್ರಾಂ ಬರೆದೆ. ದೋಷ ಬರದೇ ಬಿಚ್ಚಿಕೊಂಡದ್ದನ್ನ ಉಳಿಸಿಕೊಂಡೆ. ಎರಡು ಸರಿ ಅನ್ನಿಸಿದ ಕಡೆ ಹೆಡ್‌ಫೋನ್ ಹಾಕ್ಕೊಂಡು ಕಿವಿಯಿಂದ ಆರಿಸಿದೆ. ಸುಮಾರು ಏಳುನೂರು ಕಡೆ. ಮೂರು ವಾರ.

ಮುಗಿದ ಮೇಲೆ ಆರ್‌ಸಿಂಕ್‌ನಲ್ಲಿ ಎರಡು ಬೇರೆ ಬೇರೆ ಜಾಗಕ್ಕೆ ಕಳಿಸಿದೆ. ಎರಡೂ ಕಡೆ ಶಾ-256 ತೆಗೆದು, ಅದರ 64 ಅಕ್ಷರಗಳನ್ನ ಹನ್ನೊಂದು ಸಲ ತಾಳೆ ನೋಡಿದೆ. ಪ್ರೋಗ್ರಾಂ ನೋಡುತ್ತೆ, ಕಣ್ಣಲ್ಲಿ ನೋಡೋದು ಬೇಕಿರಲಿಲ್ಲ. ಆದ್ರೂ ನೋಡಿದೆ. ಮೂಲವನ್ನ ಈ ಸಲ ಅಳಿಸಲಿಲ್ಲ.

ಬೆಳಗ್ಗೆ ಜಗುಲಿ ಮೇಲೆ ಅಮ್ಮನಿಗೆ ಮೊದಲ ಪದ ಕೇಳಿಸಿದೆ. ಅವರು ಅವರೆಕಾಯಿ ಸುಲೀತಾ ಕೂತಿದ್ರು. ಪದ ಮುಗಿಯೋ ತನಕ ಕೈ ನಿಂತಿತ್ತು. ಆಮೇಲೆ ಕೇಳಿದ್ರು, "ಎಲ್ಲಾ ಪೂರ್ತಿ ಸಿಕ್ತಾ?"

"ನಾಲ್ಕು ಕಡೆ ಬಿಟ್ಟು" ಅಂದೆ.